ನಿಂತ ಜಾಗ

ಸುಳ್ಳು ಹೇಳುವುದಿದ್ದರೆ ಸನ್ಮತಿಗೆ ಹೇಳಬಾರದು.
ಒಂದು ಹನಿ ರಕ್ತ ನೋಡಿ
ಬೆಳಿಗ್ಗೆ ಏನು ತಿಂದು ಬಂದಿರಿ ಅಂತ ಗದರುವವಳು.
ದೊಡ್ಡಾಸ್ಪತ್ರೆಯ ಲ್ಯಾಬು ಅವಳದು,
ಅದೇ ಓಣಿಯ ಕೊನೆಗೆ ಎಕ್ಸ್‌ರೇ ಕೋಣೆ ನನ್ನದು,
ನಡುವೆ ಗಾಲಿ ಮುರಿದ ಸ್ಟ್ರೆಚರು, ಒಂದು ನೀರಿನ ಹೂಜಿ.

ಹುಂಚದ ಕಡೆಯವಳು.
ಬೆಳ್ಳುಳ್ಳಿ ಅಂದರೇ ಮುಖ ತಿರುಗಿಸುವವಳು,
ಹೊತ್ತು ಮುಳುಗುವ ಮೊದಲು ಡಬ್ಬಿ ತೊಳೆದಿಡುವವಳು,
ಇರುವೆ ಸಾಲಿಗೆ ದಾರಿ ಬಿಟ್ಟು ನಡೆಯುವವಳು.
ಅವಳ ಪ್ರಾಣದಂಥ ಆಲ್ಬಂ ಯಾವುದು ಅಂತೀರಿ?
ಮೂರು ಗಿಟಾರು ಒಂದನ್ನೊಂದು ಹರಿದು ತಿನ್ನುವಂಥದು!
ಹಡಗಿನಲ್ಲಿ ಕೆಲಸಕ್ಕಿದ್ದ ಸೋದರಮಾವ ಎಲ್ಲಿಂದಲೋ ತಂದದ್ದು.
ಹಾಡುವವನಿಗೆ ಕೋಪವೋ ಹೊಟ್ಟೆನೋವೋ
ಫಿಲ್ಮು ತೆಗೆದೇ ಹೇಳಬೇಕು.
ದುರ್ಗಿಗುಡಿಯ ಅಂಗಡಿಯಲ್ಲಿ ನಕಲು ಮಾಡಿಸಿ
ಕೈಗಿಟ್ಟಳು, ಪ್ರಸಾದ ಕೊಟ್ಟಂತೆ:
“ಪೂರ್ತಿ ಕೇಳು. ಐದನೆಯದರಲ್ಲಿ ಒಂದು ಜಾಗ ಇದೆ.”

ಮೂರನೆಯದಕ್ಕೇ ನನಗೆ ಸಾಕಾಯಿತು.

“ಹೇಗಿತ್ತು?”
“ಚೆನ್ನಾಗಿತ್ತು ಮಾರಾಯ್ತಿ.”
ಅವಳು ಕ್ಯಾಸೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು,
ನಾನು ದಿನಾ ಜನರ ಎದೆಗೂಡು ಹಿಡಿಯುವ ಹಾಗೆ.
ಎಡದ ಸುರುಳಿ ದಪ್ಪ. ಬಲದ್ದು ಬಡಕಲು.
“ಮೂರನೆಯದರ ನಡುವೆ ನಿಲ್ಲಿಸಿದೀಯ” ಅಂದಳು,
ರಿಪೋರ್ಟಿಗೆ ಸಹಿ ಹಾಕಿ ಮುಂದಿನ ಚೀಟಿ ಎತ್ತಿಕೊಂಡಳು.

ಆಮೇಲೆ ನಾನು ಹುಷಾರಾದೆ.
ಡಾರ್ಕ್‌ರೂಮಿನ ಕೆಂಪು ದೀಪದಡಿ
ಅವಳು ಕೊಟ್ಟದ್ದನ್ನೆಲ್ಲ ಧ್ವನಿ ಸೊನ್ನೆಗಿಳಿಸಿ ಓಡಿಸುತ್ತಿದ್ದೆ.
ತೊಟ್ಟಿಯ ನೀರಲ್ಲಿ ಯಾರದೋ ಮುರಿದ ಮೊಣಕೈ,
ನಾಲ್ಕಾಣೆ ನುಂಗಿದ ಕೂಸಿನ ಗಂಟಲು
ಮೆಲ್ಲಗೆ ಮೂಡಿ ಬರುತ್ತಿದ್ದರೆ
ಪಕ್ಕದಲ್ಲಿ ಗಿಟಾರುಗಳು ಬಾಯಿ ಕಟ್ಟಿಸಿಕೊಂಡು ಸುತ್ತುತ್ತಿದ್ದವು.
ಟಕ್ ಅಂತ ಗುಂಡಿ ಎದ್ದರೆ, ಕೇಳಿ ಆಯಿತು.

ಕೊಡಲಿಕ್ಕೆ ನನ್ನದೂ ಒಂದಿತ್ತು.
ಸಾರಂಗಿ. ಎರಡೂ ಬದಿ ಸೇರಿ ಒಂದೇ ರಾಗ.
ಮೊದಲ ಕಾಲು ಗಂಟೆ ಏನೂ ಆಗುವುದಿಲ್ಲ.
ತುಂಗೆಯ ಸೇತುವೆ ಮೇಲೆ ಲಾರಿಯೊಂದು ಕೆಟ್ಟು ನಿಂತು
ಹಿಂದಿನವರು ಯಾರೂ ಹಾರ್ನು ಹೊಡೆಯದೆ
ಹೊಳೆ ನೋಡುತ್ತ ಕೂತ ಹಾಗೆ.
ಅವಳಿಗೆ ಇದು ತಡೆಯುವುದಿಲ್ಲ ಅಂತ ಗೊತ್ತು.
ಅದಕ್ಕೇ ಎರಡನೇ ಬದಿಯ ತುದಿಗೆ, ರಾಗ ಮುಗಿದ ಮೇಲೆ,
ಟೇಪಿನ ಬಾಯಿಗೆ ಬಾಯಿಟ್ಟು ನಾನೇ ಹೇಳಿದ್ದೆ:
“ಇಲ್ಲಿತನಕ ಬಂದಿದ್ದರೆ ನಿನಗೊಂದು ಖಾಲಿ ದೋಸೆ, ನನ್ನ ಲೆಕ್ಕ.
ಈರುಳ್ಳಿ ಸವರದ ಕಾವಲಿಯದು.”

ನಾಲ್ಕು ದಿನಕ್ಕೆ ವಾಪಸು ಬಂತು.
“ಕಣ್ಣಲ್ಲಿ ನೀರು ಬಂತು ಕಣೆ.”
ಬೆಳಕಿಗೆ ಹಿಡಿದೆ. ಸುರುಳಿ ತುದಿಗೆ ಮುಟ್ಟಿದೆ.
ದೋಸೆಯ ಸುದ್ದಿ ಮಾತ್ರ ಇಲ್ಲ.
ಆವತ್ತು ಮಧ್ಯಾಹ್ನವಿಡೀ ನಗು.
ಬೀಡಿ ಎದೆಯ ಮುದುಕನೊಬ್ಬನಿಗೆ “ಉಸಿರು ಹಿಡೀರಿ” ಅಂದವಳು
“ಬಿಡಿ” ಅನ್ನುವುದನ್ನೇ ಮರೆತಿದ್ದೆ.

ಅವಳು ಸೊರಬಕ್ಕೆ ವರ್ಗವಾಗಿ ಅಲ್ಲೇ ನಿವೃತ್ತಿಯಾದಳು.
ಕೆಂಪು ದೀಪ ಹೋಯಿತು, ತೊಟ್ಟಿ ಹೋಯಿತು,
ಎಲುಬುಗಳು ಈಗ ನೇರ ಕಂಪ್ಯೂಟರಿಗೆ ಬರುತ್ತವೆ.
ಮೊನ್ನೆ ಫೋನಿಗೆ ಮತ್ತೆ ಅದೇ ಮೂರು ಗಿಟಾರು ಕಳಿಸಿದ್ದಾಳೆ.
ಗೋಪಿ ಸರ್ಕಲ್ಲಿನಿಂದ ಮನೆಗೆ ಆಟೋದಲ್ಲಿ ಕೂತು
ಮೂರನೆಯದನ್ನು ಹಲ್ಲು ಕಚ್ಚಿ ದಾಟಿದೆ.
ನಾಲ್ಕು, ಅದೂ ಆಯಿತು.
ಐದರಲ್ಲಿ, ಇದ್ದಕ್ಕಿದ್ದಂತೆ, ಎಲ್ಲವೂ ಉಸಿರು ಹಿಡಿದವು.
ಒಂದೇ ತಂತಿ, ಎಳೆದದ್ದು ಎಳೆದಂತೆ,
ನನ್ನ ಸಾರಂಗಿಯ ದೂರದ ನೆಂಟನ ಹಾಗೆ
ಎಲ್ಲಿ ಇಳಿಯಬೇಕೆಂದು ತಿಳಿಯದೆ ನಿಂತಿತ್ತು.
ಆಟೋದವನು ಎರಡು ಸಲ ಕರೆದನಂತೆ.

ಆರನೆಯದು ಮತ್ತೆ ಹೊಟ್ಟೆನೋವು. ಆರಿಸಿದೆ.
“ಆರಕ್ಕೆ ನಿಲ್ಲಿಸಿದೆ” ಅಂತ ಬರೆದೆ, ಈ ಸಲ ನಿಜವನ್ನೇ.
ತಕ್ಷಣ ಉತ್ತರ:
“ನನ್ನ ಖಾಲಿ ದೋಸೆ ಬಾಕಿ ಇದೆ.”

ಯಾವಾಗ ಕೇಳಿಸಿಕೊಂಡಳೋ,
ನಿನ್ನೆ ರಾತ್ರಿಯೋ, ಮೂವತ್ತು ವರ್ಷದ ಹಿಂದೆಯೋ.
ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದೆ.
ಗಾಜಿನಲ್ಲಿ ನನ್ನದೇ ಮುಖ.